ಬಂದವನು ಅಳಿಯ, ಹೋದವನು ದ್ರೋಹಿ

ಭಾನುವಾರ ಬೆಳಿಗ್ಗೆ ಇಡ್ಲಿಯ ಆಸೆಗೆ ರಾಜಾಜಿನಗರದ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹಜಾರದ ನೆಲದ ಮೇಲೆ ಹಳೆಯ ಪೇಪರ್ ಹರಡಿ, ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ನೀಲಿ ಜರ್ಸಿಯೊಂದನ್ನು ಅದರ ಮೇಲೆ ಬೋರಲು ಮಲಗಿಸಿಕೊಂಡು ನನ್ನ ಸೋದರಳಿಯ ಕುಳಿತಿದ್ದ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಜರ್ಸಿಯ ಬೆನ್ನ ಮೇಲಿನ ಹೆಸರಿನ ಒಂದು ಅಕ್ಷರವನ್ನು ಕಾಯಿಸುವುದು, ಅಮ್ಮನ ಹುಬ್ಬು ಕೀಳುವ ಚಿಮುಟದಿಂದ ಅದರ ಅಂಚು ಎತ್ತುವುದು, ಚರ್ರೆಂದು ಎಳೆಯುವುದು. ಕಿತ್ತ ಅಕ್ಷರಗಳು ಪಕ್ಕದಲ್ಲಿ ಹಪ್ಪಳದಂತೆ ಸುರುಟಿಕೊಂಡು ಬಿದ್ದಿದ್ದವು.

ಆ ಹೆಸರು ಯಾರದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಳಗೆ ಶುರುವಾಗುವ ಜಗಳ ಬಿಡಿಸಲು ನನಗೆ ಪುರುಸೊತ್ತಿಲ್ಲ. ಅದೂ ಅಲ್ಲದೆ ಆ ಆಟಗಾರ ಇನ್ನೂ ಎಲ್ಲಿಗೂ ಹೋಗಿಲ್ಲ! ಹೋಗುತ್ತಾನಂತೆ, ಅದೂ ಹಳದಿಯವರ, ಅಂದರೆ ನಮ್ಮ ಎದುರಾಳಿ ಕೇರಳ ಬ್ಲಾಸ್ಟರ್ಸ್ ಕಡೆಗೆ ಹೋಗುತ್ತಾನಂತೆ ಎಂದು ಯಾರೋ ಎಲ್ಲೋ ಬರೆದಿದ್ದಾರೆ, ಅಷ್ಟೇ. ಅಷ್ಟಕ್ಕೇ ಇವನು ಇಸ್ತ್ರಿಪೆಟ್ಟಿಗೆ ಕಾಯಿಸಿದ್ದಾನೆ.

"ಯಾಕೋ ಇದು?" ಎಂದೆ.

"ದ್ರೋಹಿ ಮಾಮ ಅವನು" ಎಂದ. ಹದಿನಾರು ವರ್ಷದ ಹುಡುಗ. ದ್ರೋಹ ಎನ್ನುವ ಪದವನ್ನು ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಹೇಳಿಬಿಟ್ಟ. ಆ ಜರ್ಸಿಯ ಮೇಲೆ ಹೆಸರು ಕೂರಿಸಲು ದುಡ್ಡು ಕೊಟ್ಟವನು ನಾನು. ನನಗೆ ಮೈ ಉರಿದದ್ದು ಮೊದಲು ಆ ಕಾರಣಕ್ಕೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಉಳಿದ ಕಾರಣಗಳು ಇಡ್ಲಿ ತಿನ್ನುತ್ತಾ ಹೊಳೆದವು.

ಹೋದವನು ದ್ರೋಹಿ, ಸರಿ. ಹಾಗಾದರೆ ಬಂದವನು ಯಾರು? ಅವನೂ ಯಾರದೋ ಮನೆ ಬಿಟ್ಟೇ ಬಂದಿರುತ್ತಾನಲ್ಲವೇ? ಅವನ ಹೆಸರನ್ನೂ ಯಾವುದೋ ಊರಿನಲ್ಲಿ ಯಾವನೋ ಹುಡುಗ ಹೀಗೆಯೇ ಕಿತ್ತಿರುತ್ತಾನಲ್ಲವೇ? ಅವನಿಗೆ ಮಾತ್ರ ನಾವು ಆರತಿ ಎತ್ತಿ, ಮೊದಲ ದೀಪಾವಳಿಗೆ ಬಂದ ಅಳಿಯನಂತೆ ಕೂರಿಸಿಕೊಳ್ಳುತ್ತೇವೆ. ಈ ಲೆಕ್ಕ ನನಗೆ ಹನ್ನೆರಡು ವರ್ಷದಿಂದ ತಾಳೆಯಾಗಿಲ್ಲ.

ಸಂದೇಶ್ ಜಿಂಗಾನ್‌ನನ್ನೇ ತೆಗೆದುಕೊಳ್ಳಿ. 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗಿನಿಂದ ಕೇರಳ ಬ್ಲಾಸ್ಟರ್ಸ್‌ನ ಕಂಬ. ಚಂಡೀಗಢದ ಹುಡುಗನನ್ನು ಕೊಚ್ಚಿಯವರು ಸ್ವಂತ ಮಗನೆಂದುಕೊಂಡಿದ್ದರು. 2020ರಲ್ಲಿ ಅವನು ಬಿಟ್ಟು ಹೊರಟಾಗ ಕ್ಲಬ್ ಅವನ 21ನೇ ನಂಬರಿನ ಜರ್ಸಿಯನ್ನೇ ನಿವೃತ್ತಿಗೊಳಿಸಿತು, ಇನ್ನು ಯಾರಿಗೂ ಕೊಡುವುದಿಲ್ಲ ಎಂದು. ಅವನು ಹೋದದ್ದು ಕೋಲ್ಕತ್ತಾದ ಎಟಿಕೆ ಮೋಹನ್ ಬಾಗಾನ್‌ಗೆ. 2022ರ ಫೆಬ್ರವರಿಯಲ್ಲಿ ಹಳೆಯ ತಂಡದ ಎದುರು 2-2 ಡ್ರಾ ಆಡಿ ಹೊರಬರುವಾಗ, ಹೆಂಗಸರ ಜೊತೆ ಆಡಿ ಬಂದೆ ಎಂಬರ್ಥದ ಮಾತೊಂದನ್ನು ಹಿಂದಿಯಲ್ಲಿ ಆಡಿದ. ಕ್ಯಾಮೆರಾ ಹಿಡಿದುಕೊಂಡಿತು. ಹೊಲಸು ಮಾತು, ಅದರಲ್ಲಿ ಎರಡು ಮಾತಿಲ್ಲ. ಕ್ಷಮೆ ಕೇಳಿದ. ಕೊಚ್ಚಿಯವರು ಕೇಳಲಿಲ್ಲ. ಆ 21ನ್ನು ಮತ್ತೆ ಬಳಕೆಗೆ ತನ್ನಿ, ಈ ಮನುಷ್ಯನಿಗೆ ಆ ಗೌರವ ಬೇಡ ಎಂದು ಕೂಗೆದ್ದಿತು.

ಆಗ ನಾವು ಏನು ಮಾಡಿದೆವು? ನಾವೂ ಬೈದೆವು. ಹೆಣ್ಣುಮಕ್ಕಳ ಪರವಾಗಿ ಇಷ್ಟುದ್ದ ಬರೆದೆವು. ನನ್ನ ಆ ದಿನದ ಬರಹ ಈಗಲೂ ಇದೇ ಫೇಸ್‌ಬುಕ್ ಗೋಡೆಯ ಮೇಲಿದೆ, ಹುಡುಕಿ ನೋಡಿ, ನಾಚಿಕೆಯಾಗುವಷ್ಟು ಚೆನ್ನಾಗಿದೆ. ಆರೇ ತಿಂಗಳು ಕಳೆಯಿತು. ಆಗಸ್ಟ್‌ನಲ್ಲಿ ಅದೇ ಜಿಂಗಾನ್ ಬೆಂಗಳೂರು ಎಫ್‌ಸಿಗೆ ಬಂದ. ನಾವು ಏನೆಂದೆವು? "ಮನೆಗೆ ಮರಳಿದ" ಎಂದೆವು! 2017ರಲ್ಲಿ ಎರವಲು ಆಟಗಾರನಾಗಿ (ಲೋನ್) ಕೆಲವು ತಿಂಗಳು ನಮ್ಮ ಪರ ಆಡಿದ್ದನಂತೆ, ಹಾಗಾಗಿ ಇದು ಅವನ ಮನೆಯಂತೆ. ಬಾಡಿಗೆಗೆ ಇದ್ದವನು ಮತ್ತೆ ಬಂದರೆ ಮನೆ ಅವನದಾಗುತ್ತದೆಯೇ? ಹಾಗಿದ್ದರೆ ಮಲ್ಲೇಶ್ವರದಲ್ಲಿ ನನ್ನವೂ ಮೂರು ಮನೆಗಳಿರಬೇಕಿತ್ತು.

ನನ್ನ ಮಗಳು ಶಾಲೆಯ ತಂಡದಲ್ಲಿ ರೈಟ್ ಬ್ಯಾಕ್ ಆಡುತ್ತಾಳೆ. ಆಗ ಅವಳಿಗೆ ಹನ್ನೊಂದು. ಕಂಠೀರವದಲ್ಲಿ ನಾನು ಜಿಂಗಾನ್‌ನ ಒಂದು ಟ್ಯಾಕಲ್‌ಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಅವಳು ನನ್ನ ಅಂಗಿ ಎಳೆದು ಕೇಳಿದಳು: "ಅಪ್ಪ, ಹೆಂಗಸರ ಜೊತೆ ಆಡಿದೆ ಅಂದವನು ಇವನೇ ಅಲ್ಲವೇ?" ಗದ್ದಲದಲ್ಲಿ ಕೇಳಿಸಲಿಲ್ಲ ಎಂಬಂತೆ ನಟಿಸಿದೆ. ಆ ಟ್ಯಾಕಲ್ ನಿಜಕ್ಕೂ ಚೆನ್ನಾಗಿತ್ತು.

ಆ ಋತುವಿನ ಕಥೆ ಇನ್ನೂ ಇದೆ. 2023ರ ಜನವರಿಯಲ್ಲಿ ನಮ್ಮ ಡ್ಯಾನಿಶ್ ಫಾರೂಕ್, ಶ್ರೀನಗರದ ಹುಡುಗ, ಕೇರಳಕ್ಕೆ ಹೋದ. ಋತುವಿನ ನಡುವೆ, ಅದೂ ಅವರಿಗೆ! ನಮ್ಮ ಗುಂಪಿನಲ್ಲಿ ಅವತ್ತು ಬಳಕೆಯಾದ ಪದಗಳನ್ನು ಇಲ್ಲಿ ಬರೆದರೆ ಅತ್ತೆ ನನ್ನನ್ನು ಅನ್‌ಫ್ರೆಂಡ್ ಮಾಡುತ್ತಾರೆ. ಅದಾಗಿ ಸ್ವಲ್ಪ ದಿನಕ್ಕೆ, ಮಾರ್ಚ್ 3ರಂದು ಕೇರಳದ ಎದುರೇ ಆ ಪ್ಲೇಆಫ್ ಪಂದ್ಯ. 90 ನಿಮಿಷ ಸೊನ್ನೆ-ಸೊನ್ನೆ. 96ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀಕಿಕ್ ಒದ್ದ, ಗೋಲಾಯಿತು, ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತನ್ನ ತಂಡವನ್ನೇ ಕರೆದುಕೊಂಡು ಮೈದಾನ ಬಿಟ್ಟು ನಡೆದ. ಆಮೇಲೆ ಫೆಡರೇಷನ್ ಅವರ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಅವತ್ತು ಗ್ಯಾಲರಿಯಲ್ಲಿ ಕುಣಿದ ನನ್ನ ಮೊಣಕಾಲು ಇವತ್ತಿಗೂ ಮಳೆಗಾಲದಲ್ಲಿ ನೋಯುತ್ತದೆ. ಆದರೆ ಯೋಚಿಸಿ: ಹಳದಿಯಿಂದ ಹೊರಟವನು ನೀಲಿಯಲ್ಲಿ, ನೀಲಿಯಿಂದ ಹೋದವನು ಹಳದಿಯಲ್ಲಿ. ಆ ರಾತ್ರಿ ದ್ರೋಹಿ ಯಾರು? ನಮ್ಮ ಗ್ಯಾಲರಿಗೆ ಒಬ್ಬ, ಅವರ ಗ್ಯಾಲರಿಗೆ ಇನ್ನೊಬ್ಬ. ನಡುವೆ ಒಂದು ತಂತಿ ಬೇಲಿ. ಬೇಸಿಗೆಯ ಹೊತ್ತಿಗೆ ನಮ್ಮ ಪ್ರಬೀರ್ ದಾಸ್ ಕೊಚ್ಚಿಗೆ ಹೋದ, ಅವರ ನಾಯಕ ಜೆಸೆಲ್ ಕಾರ್ನೇರೊ ಇಲ್ಲಿಗೆ ಬಂದ. ಜಿಂಗಾನ್ ಒಂದೇ ಋತು ಆಡಿ ಗೋವಾಕ್ಕೆ ಹೋದ. ಮನೆಗೆ ಮರಳಿದವನು ವರ್ಷ ತುಂಬುವುದರೊಳಗೆ ಮನೆ ಖಾಲಿ ಮಾಡಿದ.

ಇನ್ನು ಸಾಕ್ಷಾತ್ ದೇವರ ವಿಷಯ. ಛೆಟ್ರಿ ಮೋಹನ್ ಬಾಗಾನ್‌ಗೂ ಆಡಿದ್ದಾನೆ, ಈಸ್ಟ್ ಬೆಂಗಾಲ್‌ಗೂ ಆಡಿದ್ದಾನೆ, ಆಮೇಲೆ ಮತ್ತೆ ಮೋಹನ್ ಬಾಗಾನ್‌ಗೂ ಆಡಿದ್ದಾನೆ. ಕೋಲ್ಕತ್ತಾದ ಆ ಎರಡು ಬದ್ಧವೈರಿ ಕ್ಲಬ್‌ಗಳ ನಡುವೆ ಓಡಾಡುವುದೆಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಒಂದು ಕಾಲದಲ್ಲಿ ಆಟಗಾರರು ಕ್ಲಬ್ ಬದಲಿಸುವ ದಿನಗಳು ಬಂದರೆ, ಎದುರು ಪಕ್ಷದವರು ಹಾರಿಸಿಕೊಂಡು ಹೋಗದಿರಲಿ ಎಂದು ಅವರನ್ನು ಗುಟ್ಟಾದ ಜಾಗಗಳಲ್ಲಿ ಬಚ್ಚಿಡುತ್ತಿದ್ದರು. ಅಂಥ ಊರಿನಲ್ಲಿ ಎರಡೂ ದಡ ಮುಟ್ಟಿ, 2013ರಲ್ಲಿ ನಮ್ಮ ಕ್ಲಬ್ ಹುಟ್ಟಿದಾಗ ಇಲ್ಲಿಗೆ ಬಂದವನು ಅವನು. ಅವನನ್ನು ದ್ರೋಹಿ ಎನ್ನುವ ಧೈರ್ಯ ನನ್ನ ಸೋದರಳಿಯನಿಗಿದೆಯೇ? ಕೇಳಿದೆ. "ಅದು ಬೇರೆ ಮಾಮ" ಎಂದ. ಯಾವಾಗಲೂ ಅದು ಬೇರೆಯೇ.

ಬೆಂಗಳೂರಿಗೆ ಈ ವ್ಯವಹಾರ ಹೊಸದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡದ ಅಹ್ಮದ್ ಖಾನ್, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವನು, ಮರುವರ್ಷ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬನಾದ. ಅವನ ಬಗ್ಗೆ ನಾವು ಇವತ್ತು "ನಮ್ಮ ಬೆಂಗಳೂರಿನ ಹುಡುಗ" ಎಂದು ಎದೆ ಉಬ್ಬಿಸುತ್ತೇವೆ. ಎಪ್ಪತ್ತು ವರ್ಷ ಕಳೆದರೆ ದ್ರೋಹವೂ ಹೆಮ್ಮೆಯಾಗುತ್ತದೆ ಎಂದಾಯಿತು.

(ಕಾಮೆಂಟಿನಲ್ಲಿ ಯಾರೂ ಪೋರ್ಚುಗಲ್‌ನ ಫಿಗೊ ಕಥೆ ತರಬೇಡಿ. 2000ದಲ್ಲಿ ಬಾರ್ಸಿಲೋನಾ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದು, 2002ರಲ್ಲಿ ಕಾರ್ನರ್ ಹೊಡೆಯಲು ನಿಂತಾಗ ಬಾರ್ಸಿಲೋನಾದ ಗ್ಯಾಲರಿಯಿಂದ ಹಂದಿಯ ತಲೆ ಬಂದು ಬಿದ್ದದ್ದು ಎಲ್ಲರಿಗೂ ಗೊತ್ತು. ಫುಟ್‌ಬಾಲ್ ನೋಡದವರಿಗೂ ಗೊತ್ತು. ನಮ್ಮ ಭಾವನವರಿಗೆ ಫುಟ್‌ಬಾಲ್ ಬಗ್ಗೆ ಗೊತ್ತಿರುವುದು ಅದೊಂದೇ.)

ಈಗ ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಅಭಿಮಾನವೆಂದರೆ ತರ್ಕವಲ್ಲ, ಹುಚ್ಚಿರಬೇಕು, ಹುಚ್ಚಿಲ್ಲದಿದ್ದರೆ ಕಂಠೀರವಕ್ಕೂ ಪಕ್ಕದ ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೂ ವ್ಯತ್ಯಾಸವೇನು ಎನ್ನುತ್ತೀರಿ. ಒಪ್ಪಿದೆ. ಆಟ ನಡೆಯುವ ತೊಂಬತ್ತು ನಿಮಿಷ ಹುಚ್ಚಿರಲಿ. ಕೂಗಿ. ನಾನೂ ಕೂಗಿದ್ದೇನೆ. 2019ರ ಫೆಬ್ರವರಿಯಲ್ಲಿ ಕೇರಳದ ಎದುರು ಎರಡು ಗೋಲು ಹಿಂದಿದ್ದು 2-2 ಮಾಡಿಕೊಂಡ ದಿನ ನನ್ನ ಗಂಟಲು ಮೂರು ದಿನ ಬರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಚಿಮುಟ ಹಿಡಿದು ಕೂರುವುದು ಹುಚ್ಚಲ್ಲ. ಅದಕ್ಕೆ ತಾಳ್ಮೆ ಬೇಕು. ಆ ಹುಡುಗ ಅಷ್ಟು ತಾಳ್ಮೆಯಿಂದ ಪಠ್ಯಪುಸ್ತಕ ತೆರೆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಜಾತಿಯ ಜಾಣರಿದ್ದಾರೆ. "ನೀನು ಕಂಪನಿ ಬದಲಿಸಲಿಲ್ಲವೇ? ಅವನದೂ ಉದ್ಯೋಗ" ಎನ್ನುವವರು. ಇವರನ್ನು ಕಂಡರೆ ನನಗೆ ಇನ್ನೂ ಆಗುವುದಿಲ್ಲ. ಹೌದು, ಬದಲಿಸಿದೆ. ಹೊರವರ್ತುಲ ರಸ್ತೆಯ ಈ ಬದಿಯಿಂದ ಆ ಬದಿಗೆ, ನೇರ ಎದುರಾಳಿಯ ಕಟ್ಟಡಕ್ಕೇ ಹೋದೆ. ಯಾರೂ ಅಳಲಿಲ್ಲ. ನನ್ನ ಹೆಸರನ್ನು ಬೆನ್ನ ಮೇಲೆ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದವರು ಯಾರೂ ಇರಲಿಲ್ಲ. ಬೀಳ್ಕೊಡುಗೆಯ ಕೇಕಿನ ಮೇಲೆ ಹೆಸರನ್ನೂ ತಪ್ಪು ಬರೆದಿದ್ದರು. ಆಟಗಾರ ಹೋದರೆ ನೋಯುತ್ತದೆ, ನೋಯಬೇಕು, ಅದಕ್ಕೆ ಉದ್ಯೋಗದ ಲೆಕ್ಕ ಹೇಳಿ ಬಾಯಿ ಮುಚ್ಚಿಸಬೇಡಿ. ನನ್ನ ತಕರಾರು ನೋವಿನ ಬಗ್ಗೆ ಅಲ್ಲವೇ ಅಲ್ಲ. ಮಾರಿದವನು ಕಚೇರಿಯಲ್ಲಿ ಕುಳಿತು ಬೆಳಿಗ್ಗೆ "ಧನ್ಯವಾದಗಳು" ಎಂದು ಒಂದು ಚಿತ್ರ, ಸಂಜೆ "ಸ್ವಾಗತ" ಎಂದು ಇನ್ನೊಂದು ಚಿತ್ರ ಹಾಕುತ್ತಾನೆ. ಅವನ ಫೋಟೊವನ್ನು ಯಾರೂ ಸುಡುವುದಿಲ್ಲ. ಅವನ ಹೆಸರೂ ನಮಗೆ ಗೊತ್ತಿರುವುದಿಲ್ಲ. ಒಪ್ಪಂದ ಮುಗಿದವನು, ಇನ್ನೊಂದು ವರ್ಷ ಕೊಡುವುದಿಲ್ಲ ಎನ್ನಿಸಿಕೊಂಡವನು, ಬೆಂಚಿನಲ್ಲಿ ಕುಳಿತು ಸವೆದವನು, ಎಲ್ಲರಿಗೂ ಒಂದೇ ಪದ: ದ್ರೋಹಿ. ಆ ಸಂಜೆಯೇ ಬಂದವನಿಗೆ ಆರತಿ.

ರಾಹುಲ್ ಭೇಕೆಯ ವಿಷಯ ಹೇಳದೆ ಹೋದರೆ ನಾನು ಸುಳ್ಳನಾಗುತ್ತೇನೆ. 2019ರ ಮಾರ್ಚ್ 17, ಮುಂಬೈ, ಗೋವಾ ಎದುರಿನ ಫೈನಲ್, 117ನೇ ನಿಮಿಷ. ದಿಮಾಸ್ ಡೆಲ್ಗಾಡೊ ಕಾರ್ನರ್, ಭೇಕೆಯ ತಲೆ, ನಮ್ಮ ಮೊದಲ ಐಎಸ್‌ಎಲ್ ಕಪ್. ಮಾರನೆಯ ವಾರವೇ ಅವನ ಹೆಸರಿನ ಜರ್ಸಿ ಮಾಡಿಸಿದೆ. 2021ರಲ್ಲಿ ಅವನು ಮುಂಬೈ ಸಿಟಿಗೆ ಹೋದ. ಹುಟ್ಟೂರು ಮುಂಬೈ, ಹೋಗಲಿ ಎಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಲ್ಲ.

2022ರ ಏಪ್ರಿಲ್‌ನಲ್ಲಿ ರಿಯಾದ್‌ನಲ್ಲಿ ಮುಂಬೈ ಸಿಟಿ ಇರಾಕಿನ ಏರ್ ಫೋರ್ಸ್ ಕ್ಲಬ್ಬನ್ನು 2-1ರಿಂದ ಸೋಲಿಸಿತು. ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಭಾರತದ ಕ್ಲಬ್ಬೊಂದರ ಮೊಟ್ಟಮೊದಲ ಗೆಲುವು. ಗೆಲುವಿನ ಗೋಲು ಯಾರದು? ಭೇಕೆಯದು, ಮತ್ತೆ ತಲೆಯಿಂದ. ಆ ಏರ್ ಫೋರ್ಸ್ ಕ್ಲಬ್ ಯಾವುದೆಂದು ನಿಮಗೆ ನೆನಪಿರಬೇಕು: 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ನಡೆದ, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ನಲ್ಲಿ ನಮ್ಮನ್ನು 1-0ಯಿಂದ ಅಳಿಸಿದ್ದ ಅದೇ ತಂಡ. ನಮ್ಮ ಸೇಡನ್ನು ನಾವು ದ್ರೋಹಿ ಎಂದವನು ತೀರಿಸಿದ. ಆ ರಾತ್ರಿ ಅವನ ಗೋಲು ನೋಡಿ ನಾನು ಕುರ್ಚಿಯಿಂದ ಎದ್ದವನು, ಎದ್ದದ್ದು ಯಾಕೆಂದು ನೆನಪಾಗಿ, ನೀರು ಕುಡಿಯಲು ಎದ್ದವನಂತೆ ಅಡುಗೆಮನೆಗೆ ಹೋದೆ. ಮನೆಯಲ್ಲಿ ಬೇರೆ ಯಾರೂ ಎಚ್ಚರವಿರಲಿಲ್ಲ. ಯಾರಿಗಾಗಿ ನಟಿಸಿದೆನೋ ಗೊತ್ತಿಲ್ಲ.

2024ರಲ್ಲಿ ಭೇಕೆ ವಾಪಸ್ ಬಂದ. ನಾವು ಏನೆಂದೆವು ಎಂದು ಬೇರೆ ಹೇಳಬೇಕೇ? ಮನೆಗೆ ಮರಳಿದ!

ಇದನ್ನೆಲ್ಲ ಸೋದರಳಿಯನಿಗೆ ಹೇಳಿದೆ. ಇಡ್ಲಿ ಆರಿ ಕಲ್ಲಾಗಿತ್ತು. ಅವನು ಕೊನೆಯ ಎರಡು ಅಕ್ಷರ ಹಾಗೇ ಬಿಟ್ಟು ನನ್ನ ಮುಖ ನೋಡಿದ. "ನಿಮ್ಮ ಭೇಕೆ ಜರ್ಸಿ ಮೂರು ವರ್ಷ ಎಲ್ಲಿತ್ತು ಮಾಮ?"

ಅಟ್ಟದ ಮೇಲಿತ್ತು. ಹಳೆಯ ಗೊಂಬೆ ಹಬ್ಬದ ಪೆಟ್ಟಿಗೆಯಲ್ಲಿ, ಪಟ್ಟದ ಗೊಂಬೆಗಳ ಕೆಳಗೆ. 2024ರಲ್ಲಿ ಇಳಿಸಿದಾಗ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು, ಹೊಟ್ಟೆಯ ಹತ್ತಿರ ಏರಲಿಲ್ಲ. ಇದು ಇವನಿಗೆ ಹೇಗೆ ಗೊತ್ತಾಯಿತು? ನನ್ನ ಮಗಳು ಹೇಳಿದ್ದಾಳೆ. ಮನೆಯೊಳಗೇ ಇದ್ದಾರೆ ನೋಡಿ ನಿಜವಾದ ದ್ರೋಹಿಗಳು.

"ನೀವು ಅಟ್ಟಕ್ಕೆ ಹಾಕಿದಿರಿ, ನಾನು ಇಸ್ತ್ರಿ ಹಾಕಿದೆ" ಎಂದ ಹುಡುಗ. ಉತ್ತರ ಹೊಳೆಯಲಿಲ್ಲ. ಇನ್ನೆರಡು ಇಡ್ಲಿ ಹಾಕಿಸಿಕೊಂಡೆ.

ಹುಡುಗನ ಜರ್ಸಿಯ ಮೇಲಿನ ಹೆಸರು ಹೋಗಿಲ್ಲ, ಗೊತ್ತೇ? ಒಗೆದು ಒಗೆದು ಬಟ್ಟೆಯ ನೀಲಿ ಮಾಸಿದೆ. ಅಕ್ಷರಗಳ ಅಡಿಯಲ್ಲಿದ್ದ ನೀಲಿ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಗಾಢವಾಗಿದೆ. ಮೊದಲು ಬಿಳಿಯಲ್ಲಿದ್ದ ಹೆಸರು ಈಗ ಕಡುನೀಲಿಯಲ್ಲಿದೆ. ಹತ್ತು ಅಡಿ ದೂರದಿಂದ ಓದಬಹುದು.

ಇವತ್ತು ಬೆಳಿಗ್ಗೆ ಅಕ್ಕನ ಫೋನು. ಇಸ್ತ್ರಿಪೆಟ್ಟಿಗೆಯ ತಳಕ್ಕೆ ಮೆತ್ತಿಕೊಂಡಿದ್ದ ಒಂದು ಅಕ್ಷರದ ಅರ್ಧ, ಭಾವನವರ ಕಪ್ಪು ಅಂಗಿಯ ಬೆನ್ನಿಗೆ ಅಚ್ಚಾಗಿ ಕೂತಿದೆಯಂತೆ. ಅವರು ನೋಡಿಕೊಳ್ಳದೆ ಅದನ್ನೇ ತೊಟ್ಟು ಬ್ಯಾಂಕಿಗೆ ಹೋಗಿದ್ದಾರೆ.