ಗಿಡ ಗುರುತಿಸುವವರು ಯಾರು?

ನಿಮ್ಮ ಲೇಖನದಲ್ಲಿ, ಎಂಎಸ್ಸಿ ಸಸ್ಯಶಾಸ್ತ್ರದಲ್ಲಿ ವರ್ಗೀಕರಣದ (ಗಿಡ ಗುರುತಿಸಿ, ಹೆಸರಿಟ್ಟು, ವಿಂಗಡಿಸುವ) ಪಾಠ ಕಡಿಮೆ ಮಾಡಿ, ಆ ಸಮಯವನ್ನು ಜೈವಿಕ ತಂತ್ರಜ್ಞಾನಕ್ಕೆ ಕೊಡಬೇಕು ಅಂತ ಬರೆದಿದ್ದೀರಿ. ಕೆಲಸ ಸಿಗೋದು ಕಷ್ಟ ಅನ್ನೋ ನಿಮ್ಮ ಮಾತು ನಿಜ. ಆದರೆ ಪರಿಹಾರ ಅದಲ್ಲ.

ಉತ್ತರ ಕನ್ನಡದ ಕತ್ತಲೆಕಾನು ಅನ್ನೋ ಕಾಡನ್ನೇ ನೋಡಿ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ಮಾವು, ಗೋಡಂಬಿ ಕುಟುಂಬದ ಒಂದು ದೊಡ್ಡ ಮರವಿದೆ. ಸೆಮೆಕಾರ್ಪಸ್ ಕತಲೆಕಾನೆನ್ಸಿಸ್ ಅಂತ ಅದಕ್ಕೆ ಹೆಸರು ಬಿದ್ದದ್ದು 2000ದಲ್ಲಿ! ಹುಲ್ಲಲ್ಲ, ಪಾಚಿಯಲ್ಲ, ಮರ. ಅದು ಬೇರೆ ಪ್ರಭೇದ ಅಂತ ತಿಳಿಯೋಕೆ ಹೂವು, ಕಾಯಿ, ಎಲೆ ನೋಡಿ ಹೋಲಿಸಬಲ್ಲ ಕಣ್ಣು ಬೇಕಿತ್ತು. ಈಗ ಡಿಎನ್‌ಎ ತುಣುಕು ಹೋಲಿಸಿ ಪ್ರಭೇದ ಗುರುತಿಸುವ ಬಾರ್‌ಕೋಡಿಂಗ್ ಇದೆಯಲ್ಲ ಅಂತೀರಾ? ಅದಕ್ಕೂ ಮೊದಲು ಯಾರೋ ಸರಿಯಾಗಿ ಗುರುತಿಸಿಟ್ಟ ಮಾದರಿ ಬೇಕು. ಆ ಮಾದರಿಯಲ್ಲೇ ಹೆಸರು ತಪ್ಪಿದ್ದರೆ ಯಂತ್ರವೂ ಅದೇ ತಪ್ಪನ್ನು ಒಪ್ಪಿಸುತ್ತದೆ, ಅಲ್ವಾ?

ಹರ್ಬೇರಿಯಂ ಹಾಳೆ (ಗಿಡ ಒಣಗಿಸಿ ಅಂಟಿಸಿ ವಿವರ ಬರೆದಿಡುವ ಹಾಳೆ) ಮಾಡಿಸೋದು ಸುಮ್ನೆ ಅಂಕಕ್ಕಾಗಿ ಅನ್ನೋ ನಿಮ್ಮ ದೂರು ಮಾತ್ರ ಪೂರ್ತಿ ಒಪ್ಪುತ್ತೇನೆ. ನಾನು ಓದಿದ ಕಡೆ ಸೀನಿಯರ್‌ಗಳ ಹಳೇ ಹಾಳೆಗೆ ಹೊಸ ಚೀಟಿ ಅಂಟಿಸಿ ಕೊಡುತ್ತಿದ್ದರು. ಎಲ್ಲಿ ಸಿಕ್ಕಿತು, ಯಾವಾಗ, ಎಷ್ಟು ಎತ್ತರದಲ್ಲಿ, ಹೂವಿನ ಬಣ್ಣ ಏನು ಅನ್ನೋದೇ ಇರುತ್ತಿರಲಿಲ್ಲ. ಒಣಗಿದ ಮೇಲೆ ಬಣ್ಣ ಮಾಸುತ್ತದೆ, ಹಾಗಾಗಿ ಕೀಳುವಾಗಲೇ ಬರೆದುಕೊಳ್ಳಬೇಕು. ಇದನ್ನು ಕಾಡಿಗೆ ಕರೆದುಕೊಂಡು ಹೋಗಿಯೇ ಕಲಿಸಬೇಕು.

ಇನ್ನೊಂದು, ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಸಸ್ಯಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯೇ ಇಲ್ಲ, ಎಲ್ಲರಿಗೂ ಒಂದೇ ಜೀವ ವಿಜ್ಞಾನದ ಪತ್ರಿಕೆ. ಮಕ್ಕಳು ಕಾಡು ಬಿಟ್ಟು ಕೋಚಿಂಗ್ ಹಿಡಿಯೋದಕ್ಕೆ ಇದೂ ಒಂದು ಕಾರಣ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ ಯಾಕೆ?