ಚುಕ್ಕೆಯವನೂ ಚುಕ್ಕೆಯಿಲ್ಲದವನೂ

ನಾನು ನಾನಲ್ಲವೆಂದು ನಮ್ಮ ಬ್ಯಾಂಕಿನ ಕಂಪ್ಯೂಟರ್ ತೀರ್ಮಾನಿಸಿದೆ. ಆಧಾರ್ ಕಾರ್ಡಿನಲ್ಲಿ ನನ್ನ ಇನಿಷಿಯಲ್ ಪಕ್ಕ ಚುಕ್ಕೆ ಇದೆ, ಪಾಸ್‌ಬುಕ್ಕಿನಲ್ಲಿ ಆ ಜಾಗ ಖಾಲಿ. ಕೆವೈಸಿ ಆಗದು, ಅಷ್ಟೇ.

ಕೌಂಟರಿನ ಮಹಾಶಯರು ಅಪರಿಚಿತರೇನಲ್ಲ, ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯವರೇ. ಬೆಳಗ್ಗೆ ಸ್ಯಾಂಕಿ ಕೆರೆಯ ಬಳಿ ಜತೆಗೆ ನಡೆಯುತ್ತಾರೆ. ನನ್ನ ಸಕ್ಕರೆ ಕಾಯಿಲೆಯ ಅಂಕಿಗಳು ಅವರಿಗೆ ಬಾಯಿಪಾಠ. ನನ್ನ ಮಗಳ ಮದುವೆಯಲ್ಲಿ ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡವರು. “ನೀವು ನೀವೇ ಎಂದು ನನಗೆ ಗೊತ್ತಿಲ್ಲವೇ ಸಾರ್? ಸಿಸ್ಟಂ ಒಪ್ಪಬೇಕಲ್ಲ” ಎಂದರು. ಏನು ಕೇಳಿದರೂ ಅವರು ಮೊದಲು ಪರದೆ ನೋಡುತ್ತಾರೆ. ಪೆನ್ನು ಕೇಳಿದಾಗಲೂ ನೋಡಿದರು. ಪರೀಕ್ಷಿಸೋಣವೆಂದೇ “ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದೆ. ಪರದೆಯತ್ತ ಕಣ್ಣು ಹಾಯಿಸಿ, ಆಮೇಲೆ “ಕ್ಷೇಮ” ಎಂದರು.

ಕಂಪ್ಯೂಟರನ್ನು ಬಯ್ದು ಫಲವಿಲ್ಲ. ಅದಕ್ಕೆ ಅಕ್ಷರವೂ ಸಂಖ್ಯೆಯೇ. ಆಸ್ಕಿ ಸಂಕೇತದಲ್ಲಿ ಚುಕ್ಕೆ 46, ಖಾಲಿ ಜಾಗ 32. ಯಾವ ಜನ್ಮದಲ್ಲಿಯೂ 46 ಹೋಗಿ 32 ಆಗುವುದಿಲ್ಲ. ಸುಮಾರಾಗಿ ಹೊಂದಿದರೆ ಸಾಕು ಎಂದು ಪ್ರೋಗ್ರಾಂ ಬರೆದುಕೊಟ್ಟರೆ ಅದು ಅದಕ್ಕೂ ಸಿದ್ಧ. ಇಲ್ಲಿ ಯಾವ ಪುಣ್ಯಾತ್ಮನೂ ಬರೆದುಕೊಟ್ಟಿಲ್ಲ. ನನ್ನ ಸಿಟ್ಟೆಲ್ಲ ಪರದೆಯ ಈಚೆಗಿರುವ ತಲೆಯ ಮೇಲೆ. ಬಚ್ಚಲುಮನೆಯ ಹಳೆಯ ಬಲ್ಬಿಗೂ ಸಾಲದ ಸುಮಾರು 20 ವಾಟ್‌ಗಳಲ್ಲಿ ಮಿದುಳು ಮಾಸ್ಕಿನ ಹಿಂದಿನ ಮುಖವನ್ನೂ ಗುರುತಿಸುತ್ತದೆ. ಲೆಕ್ಕವೆಂದರೆ ಯಂತ್ರದ ಸ್ವಂತ ಮನೆ. ಅಲ್ಲಿಗೂ ನುಗ್ಗಿ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದ್ದರು. ನಾವು ಮುಖದ ಗುರುತು ಹಿಡಿಯುವ ನಮ್ಮ ಮನೆಯನ್ನೂ ಅದಕ್ಕೇ ಬಾಡಿಗೆಗೆ ಕೊಟ್ಟು ಹೊರಗೆ ನಿಂತಿದ್ದೇವೆ.

ಅಪ್ಪನ ಕೈ ನಡುಗತೊಡಗಿದ ಮೇಲೆ ಅವರ ಸಹಿ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಅಂದಿನ ಗುಮಾಸ್ತರು ಕಡತದಲ್ಲಿದ್ದ ಸಹಿ ನೋಡಿ, ಚೆಕ್ ನೋಡಿ, ಅಪ್ಪನ ಕೈಯನ್ನೂ ನೋಡಿ, ಮಾತಿಲ್ಲದೆ ಮೊಹರು ಒತ್ತಿಬಿಡುತ್ತಿದ್ದರು.

ಈಗ ಚುಕ್ಕೆಯವನೂ ಚುಕ್ಕೆಯಿಲ್ಲದವನೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಮೊಹರನ್ನೂ ಹಾಕಿಸಿ ತಂದೆ. ಬೆರಳಚ್ಚು ಮಾಡಿದ ಹುಡುಗ ಧಾರಾಳಿ. ಕೆಳಗೆ ನನ್ನ ಹೆಸರಿನಲ್ಲಿ ಚುಕ್ಕೆಯನ್ನೂ ಇಟ್ಟು, ಅದರ ಪಕ್ಕ ಜಾಗವನ್ನೂ ಬಿಟ್ಟಿದ್ದ. ಕೌಂಟರಿನವರು ಅದನ್ನು ಓದಿದರು, ಪರದೆ ನೋಡಿದರು.

“ಇವರು ಯಾರು ಸಾರ್?”