ತೋಟಾ ಒಳಗೆ ಕೂತಿತು ಅಂದರೆ ಕೋವಿಗೆ ಹೊಂದಿತು ಅಂತಲ್ಲ

ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇನ್ನೂ ಇದೆ. ಲೈಸೆನ್ಸಿನಲ್ಲಿ ಹೆಸರು ಬದಲಾಗಿದೆ, ಕೋವಿ ಅದೇ. ಅಂಗಡಿಯಿಂದ ತರುವ ತೋಟಾ ಮಾತ್ರ ಹೊಸದು. "ಜಾಸ್ತಿ ಪವರ್ ಇರೋದು ಕೊಡಿ" ಅಂತ ಕೇಳುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಪವರ್ ಸುಮ್ನೆ ಬರುವುದಿಲ್ಲ. ಮದ್ದು ಉರಿದಾಗ ನಳಿಗೆಯ ಬುಡದಲ್ಲಿ ಒತ್ತಡ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳಬೇಕಾದದ್ದು ಆ ಹಳೆಯ ಉಕ್ಕು.

ಪಿಸ್ತೂಲು, ರಿವಾಲ್ವರ್ ಗುಂಡುಗಳಿಗೆ ಅಮೆರಿಕದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. 1926ರಲ್ಲಿ ಶುರುವಾದ ತಯಾರಕರ ಸಂಘ 'ಸ್ಯಾಮಿ' ಒಂದೊಂದು ಬಗೆಯ ಗುಂಡಿಗೂ ಒತ್ತಡದ ಮಿತಿ ಇಟ್ಟಿದೆ. 9 ಎಂಎಂಗೆ ಚದರ ಇಂಚಿಗೆ 35,000 ಪೌಂಡ್. ಅದಕ್ಕಿಂತ ಬಿರುಸಾದದ್ದಕ್ಕೆ 'ಪ್ಲಸ್ ಪಿ' ಗುರುತು, ಮಿತಿ 38,500. .38 ಸ್ಪೆಷಲ್ ಅನ್ನುವ ರಿವಾಲ್ವರ್ ಗುಂಡಿಗೆ 17,000, ಅದರ ಪ್ಲಸ್ ಪಿಗೆ 20,000. ಅಳತೆಯಲ್ಲಿ ಈ .38ರ ಸಾದಾ ಗುಂಡು, ಪ್ಲಸ್ ಪಿ ಎರಡೂ ಒಂದೇ, ಹಳೆಯ ರಿವಾಲ್ವರಿಗೂ ಸಲೀಸಾಗಿ ಕೂರುತ್ತವೆ. ಯಾವುದು ಬಿರುಸು ಅಂತ ಆ ಗುರುತೇ ಹೇಳಬೇಕು. 'ಪ್ಲಸ್ ಪಿ ಪ್ಲಸ್' ಅಂತಲೂ ಇದೆ. ಅದಕ್ಕೆ ಸಂಘದ ಮಿತಿಯೇ ಇಲ್ಲ, ತಯಾರಿಸಿದವರು ಎಷ್ಟು ಅಂದರೆ ಅಷ್ಟು. ಅಂಥದ್ದನ್ನು ಲೇಬಲ್ ಅಂತ ನಾನು ಒಪ್ಪುವುದಿಲ್ಲ.

ನಮ್ಮಲ್ಲಿ 9 ಎಂಎಂ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ, ನಿಜ. ಆದರೆ ನಮ್ಮ ಮನೆಗಳ 12 ಬೋರ್ (ನಳಿಗೆಯ ಅಳತೆ) ಕೋವಿಯಲ್ಲೂ ಅಪಾಯ ಇದೇ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಬಹಳಷ್ಟು ಸಲ 65 ಮಿ.ಮೀ. ಈಗಿನ ತೋಟಾ ಹೆಚ್ಚಾಗಿ 70. ಡಬ್ಬಿ ಮೇಲಿನ ಈ 70, ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮೊದಲು ಬಾಯಿ ಮಡಚಿರುತ್ತದೆ, ಹಾಗಾಗಿ 65ರ ಗೂಡಿಗೂ ಆರಾಮಾಗಿ ಹೋಗುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಆ ಮಡಿಕೆ ಬಿಚ್ಚಲು ಜಾಗ ಸಾಲುವುದಿಲ್ಲ. ಗೂಡಿನ ಮುಂದೆ ನಳಿಗೆ ಕಿರಿದಾಗುವಲ್ಲಿ ಅದು ಸಿಕ್ಕಿಕೊಂಡು ಒತ್ತಡ ಏರುತ್ತದೆ. ಹಂದಿ ಓಡಿಸಲು ಹೋದವನ ಮುಖದ ಹತ್ತಿರವೇ ಅಲ್ವಾ ಆ ಗೂಡು ಇರುವುದು?

ಗೂಡಿನ ಉದ್ದ, ಒತ್ತಡದ ಮಿತಿ ಎರಡೂ ಡಬ್ಬಿ ಮೇಲೆ ಕನ್ನಡದಲ್ಲಿ, ದಪ್ಪ ಅಂಕಿಯಲ್ಲಿ ಇರಲೇಬೇಕು. 'ಹೈ ಪವರ್' ಅನ್ನುವ ಬಣ್ಣದ ಅಕ್ಷರ ನಮಗೆ ಬೇಡ. ಅಂಗಡಿಯವರೂ ಕೋವಿ ಯಾವುದು ಅಂತ ಕೇಳದೆ ತೋಟಾ ಕೊಡಬಾರದು.

ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ವಾಪಸ್ ತರುವಾಗಲೇ ತಿಳಿದ ರಿಪೇರಿಯವರ ಹತ್ತಿರ ಒಯ್ಯಿರಿ. ನಳಿಗೆ ಕಳಚಿಸಿ, ತಳದ ಗುರುತು ಓದಿಸಿ, ಗೂಡು ಅಳೆಸಿ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸಿನ ಜೊತೆ ಇಟ್ಟುಕೊಳ್ಳಿ. ತೋಟಾ ಕೊಳ್ಳುವಾಗ ಮೊದಲು ಅದನ್ನೇ ತೋರಿಸಿ.